ಒಂದೇ ಹೆಸರಿನ ಮೂರು ಆಟ: ಪೋಕೆಮಾನ್ ಕಾರ್ಡ್‌ಗಳನ್ನು ಮರಳಿ ಕಲಿತ ತಂದೆ ಮತ್ತು ಮಗಳ ಪ್ರಕರಣ

ಬಾಲ್ಯದಲ್ಲಿ ಆಡಿ ಬಿಟ್ಟ ಆಟವನ್ನು ಮಗುವಿನ ಜೊತೆ ಮತ್ತೆ ಹಿಡಿಯುವ ತಂದೆ ತಾಯಂದಿರು, ತಮಗೆ ಆಟ ಗೊತ್ತಿದೆ, ಮಗುವಿಗೆ ಗೊತ್ತಿಲ್ಲ ಎಂಬ ಲೆಕ್ಕ ಹಾಕಿಕೊಂಡೇ ಕೂರುತ್ತಾರೆ. ಇಲ್ಲಿ ದಾಖಲಿಸುತ್ತಿರುವ ಪ್ರಕರಣದಲ್ಲಿ ಆ ಲೆಕ್ಕ ಎರಡೂ ಕಡೆ ತಪ್ಪಿತ್ತು. ತಂದೆಗೆ ಗೊತ್ತಿದ್ದದ್ದು 1999ರ ಪೋಕೆಮಾನ್ ಕಾರ್ಡ್ ಆಟ. ಮಗಳಿಗೆ ಗೊತ್ತಿದ್ದದ್ದು ಮೊಬೈಲಿನೊಳಗಿನ ಪೋಕೆಮಾನ್ ಕಾರ್ಡ್ ಆಟ. ಇಬ್ಬರೂ ಕೂಡಿ ಆಡಬೇಕೆಂದು ಹೊರಟದ್ದು ಇವೆರಡೂ ಅಲ್ಲದ, ಇಂದು ಅಂಗಡಿಯಲ್ಲಿ ಸಿಗುವ ಮುದ್ರಿತ ಕಾರ್ಡ್‌ಗಳ ಆಟ. ಆ ಹುಡುಗಿಗೆ ನಾನು ಸೋದರಮಾವ, ವೃತ್ತಿಯಿಂದ ಹೈಸ್ಕೂಲಿನ ಗಣಿತದ ಮೇಷ್ಟ್ರು. 2025ರ ಬೇಸಿಗೆ ರಜೆಯಲ್ಲಿ ಅಕ್ಕನ ಮನೆಯಲ್ಲಿದ್ದಾಗ, ಆಟ ಬಾರದವನು ಎಂಬ ಒಂದೇ ಅರ್ಹತೆಯ ಮೇಲೆ, ಇವರಿಬ್ಬರ ನಡುವೆ ತೀರ್ಪುಗಾರನಾಗಿ ಕೂರಬೇಕಾಯಿತು. ಈ ಬರಹ ಆ ಕುರ್ಚಿಯಿಂದ ಕಂಡದ್ದು.

ಹಿನ್ನೆಲೆ

ಭಾವನಿಗೆ ಈಗ ಮೂವತ್ತಾರು ವರ್ಷ. ಮನೆ ಮೈಸೂರಿನ ಕುವೆಂಪುನಗರದಲ್ಲಿ. ಅವರ ತಂದೆ ವೈಟುಕೆ (2000ನೇ ಇಸವಿಯ ಕಂಪ್ಯೂಟರ್ ದೋಷ ಸರಿಪಡಿಸುವ) ಕೆಲಸದ ಭರಾಟೆಯ ಕಾಲದಲ್ಲಿ, 1998ರಲ್ಲಿ, ಸಂಸಾರ ಸಮೇತ ಅಮೆರಿಕಕ್ಕೆ ಹೋಗಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನೆಲೆಸಿದ್ದರು. ಜಪಾನಿನಲ್ಲಿ 1996ರ ಅಕ್ಟೋಬರಿನಲ್ಲಿ ಹುಟ್ಟಿದ್ದ ಈ ಆಟವನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಇಂಗ್ಲಿಷಿಗೆ ತಂದು ಅಮೆರಿಕದ ಮಾರುಕಟ್ಟೆಗೆ ಬಿಟ್ಟದ್ದು 1999ರ ಜನವರಿಯಲ್ಲಿ. 102 ಕಾರ್ಡ್‌ಗಳ ಬೇಸ್ ಸೆಟ್ ಮೊದಲು ಬಂತು, ಅದೇ ವರ್ಷ ಜಂಗಲ್ ಮತ್ತು ಫಾಸಿಲ್ ಸೆಟ್‌ಗಳೂ ಬಂದವು. ಶಾಲೆಯ ಊಟದ ವಿರಾಮದಲ್ಲಿ ಎಲ್ಲ ಹುಡುಗರೂ ಅದನ್ನೇ ಹರಡಿಕೊಂಡು ಕೂರುತ್ತಿದ್ದ ಆ ದಿನಗಳಲ್ಲಿ ಭಾವನೂ ಆಟಕ್ಕೆ ಬಿದ್ದರು. 2002ರ ಬೇಸಿಗೆಯಲ್ಲಿ ಸಂಸಾರ ಮೈಸೂರಿಗೆ ಮರಳಿತು. ಇಲ್ಲಿ ಟಿವಿಯಲ್ಲಿ ಪೋಕೆಮಾನ್ ಶುರುವಾದದ್ದೇ ಮರುವರ್ಷ. ಸಹಪಾಠಿಗಳ ಕೈಯಲ್ಲಿದ್ದದ್ದು ಕ್ರಿಕೆಟಿಗರ ಮತ್ತು ಕುಸ್ತಿಪಟುಗಳ ಟ್ರಂಪ್ ಕಾರ್ಡ್‌ಗಳು. ಜೊತೆಗಾರರಿಲ್ಲದ ಆಟ ಅಲ್ಲಿಗೆ ನಿಂತುಹೋಗಿ, ಕಾರ್ಡ್‌ಗಳು ಅಲ್ಮಾರಿಯ ಮೇಲಿನ ಸೂಟ್‌ಕೇಸಿನ ತಳ ಸೇರಿದವು.

ಈ ತಾರೀಖಿಗೆ ಪ್ರಕರಣದಲ್ಲಿ ಮಹತ್ವವಿದೆ. ಆಟದ ಸ್ವರೂಪವನ್ನೇ ಬದಲಿಸಿದ, ಸರದಿಗೆ ಒಂದನ್ನು ಮಾತ್ರ ಆಡಬಹುದಾದ ಸಪೋರ್ಟರ್ ಎಂಬ ಬಗೆಯ ಕಾರ್ಡ್ ಇಂಗ್ಲಿಷ್ ಸೆಟ್‌ಗಳಲ್ಲಿ ಕಾಣಿಸಿಕೊಂಡದ್ದು 2002ರ ಸೆಪ್ಟೆಂಬರಿನಲ್ಲಿ, ಎಕ್ಸ್‌ಪೆಡಿಶನ್ ಸೆಟ್‌ನೊಂದಿಗೆ. ಭಾವ ವಿಮಾನ ಹತ್ತಿದ ಕೆಲವೇ ತಿಂಗಳ ನಂತರ ಆದ ಈ ಬದಲಾವಣೆಯನ್ನಾಗಲಿ, 2003ರಲ್ಲಿ ಕಂಪನಿಯೇ ಬದಲಾದದ್ದನ್ನಾಗಲಿ, ಆಮೇಲಿನ ಇಪ್ಪತ್ತು ವರ್ಷಗಳ ತಿದ್ದುಪಡಿಗಳನ್ನಾಗಲಿ ಅವರು ನೋಡಿರಲಿಲ್ಲ.

ಮಗಳಿಗೆ ಒಂಬತ್ತು ವರ್ಷ. ಅವಳ ತಿಳಿವಳಿಕೆಗೆ ಎರಡು ಮೂಲಗಳು. ಒಂದು, 2024ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಪೋಕೆಮಾನ್ ಟಿಸಿಜಿ ಪಾಕೆಟ್ ಎಂಬ ಮೊಬೈಲ್ ಆಟ. ಅದನ್ನು ಅವಳು ಅಮ್ಮನ ಫೋನಿನಲ್ಲಿ ಆಡುತ್ತಿದ್ದಳು. ಇನ್ನೊಂದು, ನಮ್ಮ ಊರುಗಳ ಸ್ಟೇಷನರಿ ಅಂಗಡಿ, ಜಾತ್ರೆ, ಬಸ್‌ಸ್ಟ್ಯಾಂಡ್ ಎಲ್ಲೆಡೆ ನೇತುಹಾಕಿರುವ ಚಿನ್ನದ ಬಣ್ಣದ ಕಾರ್ಡ್‌ಗಳ ಡಬ್ಬಿ.

ಚಿನ್ನದ ಡಬ್ಬಿ

ಮೊದಲ ತೊಡಕು ನಿಯಮದ್ದಲ್ಲ, ಈ ಡಬ್ಬಿಯದ್ದು. ಅದರ ಕಾರ್ಡ್‌ಗಳು ನಕಲಿ ಎಂದು ಭಾವನಿಗೆ ನೋಡಿದ ಕೂಡಲೇ ಗೊತ್ತಾಯಿತು. ಆದರೆ ಮಗಳ ಮಟ್ಟಿಗೆ ಅವು ಅವಳಲ್ಲಿದ್ದ ಅತಿ ಬೆಲೆಬಾಳುವ ವಸ್ತುಗಳು, ತರಗತಿಯಲ್ಲಿ ಅವಳಿಗೊಂದು ಸ್ಥಾನ ತಂದುಕೊಟ್ಟವು. 'ಇದು ಡುಪ್ಲಿಕೇಟು' ಎಂದು ಹೇಳಿ ಮುಗಿಸುವ ಬದಲು ಭಾವ ಪರೀಕ್ಷೆ ಮಾಡಿ ತೋರಿಸಿದರು. ಸೂಟ್‌ಕೇಸಿನಿಂದ ಮೂಲೆ ಮುರಿದ ಹಳೆಯ ಎನರ್ಜಿ ಕಾರ್ಡೊಂದನ್ನು (ಪೋಕೆಮಾನಿನ ದಾಳಿಗೆ ಬೇಕಾದ ಶಕ್ತಿ ಕೊಡುವ ಕಾರ್ಡ್) ತೆಗೆದು ಅಡ್ಡಕ್ಕೆ ಹರಿದರು. ಹರಿದ ಅಂಚಿನಲ್ಲಿ, ಎರಡು ಬಿಳಿ ಪದರಗಳ ನಡುವೆ, ಪೆನ್ಸಿಲಿನಿಂದ ಎಳೆದಷ್ಟು ತೆಳುವಾದ ಕಪ್ಪು ಗೆರೆಯೊಂದು ಕಂಡಿತು. ಅಸಲಿ ಕಾರ್ಡಿನ ಒಡಲಲ್ಲಿ ಹೀಗೊಂದು ಗಾಢ ಪದರ ಇರುತ್ತದೆ. ಬೆಳಕಿಗೆ ಹಿಡಿದರೆ ಆಚೆ ಬದಿಯ ಚಿತ್ರ ಕಾಣದಿರಲಿ ಎಂದು ಅದನ್ನು ಇಟ್ಟಿರುತ್ತಾರೆ. ಚಿನ್ನದ ಕಾರ್ಡ್ ಹರಿಯಲೇ ಇಲ್ಲ. ಅದು ಕಾಗದವಲ್ಲ, ಪ್ಲಾಸ್ಟಿಕ್ ಹಾಳೆ.

ಮಗಳು ಕೇಳಿದ ಪ್ರಶ್ನೆ ಅಸಲಿ ನಕಲಿಯನ್ನು ಕುರಿತದ್ದಾಗಿರಲಿಲ್ಲ. "ಹಾಗಾದ್ರೆ ಇದ್ರಲ್ಲಿ ಆಡಕ್ಕಾಗಲ್ವಾ ಅಪ್ಪಾ?" ಎಂದು ಕೇಳಿದಳು. ಡಬ್ಬಿಯನ್ನು ಮೇಜಿನ ಮೇಲೆ ಹರಡಿ ನೋಡಿದಾಗ ಉತ್ತರ ಸಿಕ್ಕಿತು. ಅದರಲ್ಲಿ ಇದ್ದದ್ದೆಲ್ಲ ದೊಡ್ಡ ದೊಡ್ಡ ಪೋಕೆಮಾನ್‌ಗಳು. ಒಂದೇ ಒಂದು ಎನರ್ಜಿ ಕಾರ್ಡ್ ಇರಲಿಲ್ಲ, ಆಟಗಾರನಿಗೆ ನೆರವಾಗುವ ಟ್ರೇನರ್ ಕಾರ್ಡ್ ಇರಲಿಲ್ಲ, ವಿಕಾಸ ಹೊಂದಿ ದೊಡ್ಡದಾಗಬೇಕಾದ ಚಿಕ್ಕ ಪೋಕೆಮಾನ್‌ಗಳೂ ಇರಲಿಲ್ಲ. ಅಸಲಿಯೇ ಆಗಿದ್ದರೂ ಆ ಗುಂಪಿನಿಂದ ಒಂದು ಸರದಿಯನ್ನೂ ಆಡಲಾಗುತ್ತಿರಲಿಲ್ಲ. ಮಕ್ಕಳು ಶಾಲೆಯಲ್ಲಿ ಆಡುತ್ತಿದ್ದದ್ದು ಯಾರ ಕಾರ್ಡಿನ ಎಚ್‌ಪಿ (ಎಷ್ಟು ಪೆಟ್ಟು ತಾಳಬಲ್ಲದು ಎಂಬ ಅಳತೆ) ಸಂಖ್ಯೆ ದೊಡ್ಡದೋ ಅವರು ಗೆದ್ದಂತೆ ಎಂಬ ಆಟ. ಭಾವನ ಕಾಲದ ಟ್ರಂಪ್ ಕಾರ್ಡೇ ವೇಷ ಬದಲಿಸಿ ಬಂದಿತ್ತು. ಆ ಆಟವನ್ನು ಭಾವ ನಿಷೇಧಿಸಲಿಲ್ಲ, ಡಬ್ಬಿಯನ್ನು ಎಸೆಯಲೂ ಇಲ್ಲ. ಮಕ್ಕಳ ಲೋಕದಲ್ಲಿ ಅದಕ್ಕೊಂದು ಉಪಯೋಗ ಇರುವಾಗ ದೊಡ್ಡವರು ಮಧ್ಯೆ ಬಂದು ಕಿತ್ತುಕೊಳ್ಳಬೇಕಾಗಿಲ್ಲ ಎಂಬ ಅವರ ನಿಲುವು ನನಗೂ ಸರಿ ಅನ್ನಿಸಿತು. ಅದರ ಜೊತೆಗೆ ಅರವತ್ತು ಕಾರ್ಡ್‌ಗಳ ಎರಡು ಸಿದ್ಧ ಡೆಕ್‌ಗಳನ್ನು, ನಿಯಮದ ಕಿರುಪುಸ್ತಕ ಸಮೇತ, ತರಿಸಿದರು.

ಮನೆಯ ಅಜ್ಜಿಗೆ ಮಾತ್ರ ಅಸಲಿ ನಕಲಿ ಎಲ್ಲವೂ ಒಂದೇ. "ಸಂಜೆ ಹೊತ್ತು ಮನೇಲಿ ಇಸ್ಪೀಟು ಹರಡ್ಕೊಂಡು ಕೂತಿದೀರಲ್ಲೋ" ಎಂಬ ಆಕ್ಷೇಪಣೆ ದೀಪ ಹಚ್ಚುವ ಹೊತ್ತಿಗೆ ತಪ್ಪದೆ ಬರುತ್ತಿತ್ತು.

ಹಳೆಯದು ಅಡ್ಡ ಬಂದ ಬಗೆ

ಹೊಸ ನಿಯಮಗಳು ಕಷ್ಟವಾಗುತ್ತವೆ, ಹಳೆಯ ಅನುಭವ ನೆರವಿಗೆ ಬರುತ್ತದೆ ಎಂದು ನಾನು ಊಹಿಸಿದ್ದೆ. ನಡೆದದ್ದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಪೂರ್ತಿ ಹೊಸದಾದದ್ದನ್ನು ಭಾವ ಒಮ್ಮೆ ಓದಿ ನೆನಪಿಟ್ಟುಕೊಂಡರು. ಉದಾಹರಣೆಗೆ, ಹೆಸರಿನ ಕೊನೆಯಲ್ಲಿ ಇಎಕ್ಸ್ ಎಂದಿರುವ ಪೋಕೆಮಾನ್ ಸೋತರೆ ಎದುರಾಳಿ ಒಂದರ ಬದಲು ಸಾಮಾನ್ಯವಾಗಿ ಎರಡು ಪ್ರೈಜ್ ಕಾರ್ಡ್ (ಎದುರಿನ ಪೋಕೆಮಾನ್ ಬಿದ್ದಾಗ ಎತ್ತಿಕೊಳ್ಳುವ, ತನ್ನವು ಆರನ್ನೂ ಮೊದಲು ಮುಗಿಸಿದವರು ಗೆಲ್ಲುವ ಕಾರ್ಡ್) ತೆಗೆದುಕೊಳ್ಳುತ್ತಾನೆ ಎಂಬುದು ಅವರಿಗೆ ಎಂದೂ ಗೊಂದಲವಾಗಲಿಲ್ಲ. ಕಾಡಿದ್ದು, ಹೊರನೋಟಕ್ಕೆ ಹಾಗೆಯೇ ಉಳಿದು ಒಳಗೆ ಬದಲಾಗಿದ್ದ ನಿಯಮಗಳು.

ಅರವತ್ತು ಕಾರ್ಡಿನ ಡೆಕ್, ಬೇಸಿಕ್ ಎನರ್ಜಿ ಬಿಟ್ಟರೆ ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚಿರಬಾರದೆಂಬ ಮಿತಿ, ಕೈಗೆ ಏಳು ಕಾರ್ಡ್, ಪಕ್ಕಕ್ಕೆ ಮುಚ್ಚಿಟ್ಟ ಆರು ಪ್ರೈಜ್ ಕಾರ್ಡ್, ಸರದಿ ಕಾಯುವ ಪೋಕೆಮಾನ್ ಕೂರಲು ಬೆಂಚಿನ ಮೇಲೆ ಐದು ಸ್ಥಾನ, ಸರದಿಗೆ ಒಂದೇ ಎನರ್ಜಿ: ಇಷ್ಟೂ 1999ರಲ್ಲಿ ಇದ್ದಂತೆಯೇ ಇವೆ. ಈ ಪರಿಚಿತ ಚೌಕಟ್ಟನ್ನು ಕಂಡೊಡನೆ ಕೈ ತನ್ನಷ್ಟಕ್ಕೆ ಹಳೆಯ ರೀತಿಯಲ್ಲಿ ಆಡತೊಡಗುತ್ತದೆ. ಆಗ ಮೊದಲು ಆಡುವವನು ಮೊದಲ ಸರದಿಯಲ್ಲೇ ದಾಳಿ ಮಾಡಬಹುದಿತ್ತು. ಈಗ ಮಾಡುವಂತಿಲ್ಲ, 2020ರಿಂದೀಚೆಗೆ ಆ ಸರದಿಯಲ್ಲಿ ಸಪೋರ್ಟರ್ ಕಾರ್ಡನ್ನೂ ಆಡುವಂತಿಲ್ಲ. ಆಗ ಎನರ್ಜಿ ಕೊಟ್ಟು ಮುಂದಿರುವ ಪೋಕೆಮಾನನ್ನು ಎಷ್ಟು ಸಲ ಬೇಕಾದರೂ ಬೆಂಚಿಗೆ ಹಿಂದೆ ಸರಿಸಬಹುದಿತ್ತು. ಈಗ ಸರದಿಗೆ ಒಮ್ಮೆ. ಆಗ ಗೊಂದಲಗೊಂಡ ಪೋಕೆಮಾನ್ ದಾಳಿಗೆ ಹೊರಟು, ಚಿಮ್ಮಿದ ನಾಣ್ಯದ ಹಿಂಬದಿ ಮೇಲಾಗಿ ಬಿದ್ದರೆ ತನಗೇ 20 ಪೆಟ್ಟು ಮಾಡಿಕೊಳ್ಳುತ್ತಿತ್ತು, ಈಗ 30.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಟ್ರೇನರ್ ಕಾರ್ಡ್‌ಗಳ ವಿಷಯ. ಬೇಸ್ ಸೆಟ್‌ನಲ್ಲಿ ಪ್ರೊಫೆಸರ್ ಓಕ್ ಎಂಬ ಕಾರ್ಡ್ ಇತ್ತು: ಕೈಯಲ್ಲಿರುವುದನ್ನೆಲ್ಲ ಬಿಸಾಡಿ ಹೊಸದಾಗಿ ಏಳು ಎತ್ತಿಕೊಳ್ಳಬೇಕು. ಇಂದಿನ ಪ್ರೊಫೆಸರ್ಸ್ ರಿಸರ್ಚ್ ಕಾರ್ಡಿನ ಮೇಲೆ ಬರೆದಿರುವುದೂ ಹೆಚ್ಚುಕಡಿಮೆ ಅದೇ. ವ್ಯತ್ಯಾಸ ಮೂಲೆಯಲ್ಲಿರುವ ಸಪೋರ್ಟರ್ ಎಂಬ ಒಂದು ಗುರುತಿನಲ್ಲಿದೆ: ಸರದಿಗೆ ಒಂದೇ ಸಪೋರ್ಟರ್. ಆಗ ಒಂದೇ ಸರದಿಯಲ್ಲಿ ಓಕ್ ಆಡಿ, ಬಂದ ಏಳರಲ್ಲಿ ಇನ್ನೊಂದು ಓಕ್ ಸಿಕ್ಕರೆ ಅದನ್ನೂ ಆಡಿಬಿಡಬಹುದಿತ್ತು. ಎದುರಾಳಿಯ ಬೆಂಚಿನಿಂದ ಬೇಕಾದವರನ್ನು ಮುಂದಕ್ಕೆಳೆಯುವ ಗಸ್ಟ್ ಆಫ್ ವಿಂಡ್ ಕೂಡ ಹಾಗೆಯೇ ಲೆಕ್ಕವಿಲ್ಲದೆ ಬೀಸುತ್ತಿತ್ತು. ಅದೇ ಕೆಲಸ ಮಾಡುವ ಈಗಿನ ಬಾಸಸ್ ಆರ್ಡರ್ಸ್ ಸಪೋರ್ಟರ್ ಆಗಿರುವುದರಿಂದ, ಕಾರ್ಡ್ ಎತ್ತಿಕೊಳ್ಳಬೇಕೋ ಎದುರಾಳಿಯನ್ನು ಎಳೆಯಬೇಕೋ ಎಂದು ಪ್ರತಿ ಸರದಿಯಲ್ಲೂ ಆರಿಸಿಕೊಳ್ಳಬೇಕು. ಭಾವನ ಕೈ ಎರಡನೆಯ ಸಪೋರ್ಟರ್ ಕಡೆಗೆ ಹೋದಾಗಲೆಲ್ಲ ಮಗಳು ತಲೆಯೆತ್ತದೆಯೇ "ಒಂದೇ ಅಪ್ಪಾ" ಎನ್ನುತ್ತಿದ್ದಳು. ಮೊಬೈಲಿನ ಆಟದಲ್ಲೂ ಈ ಮಿತಿ ಇರುವುದರಿಂದ ಅವಳಿಗೆ ಅದು ಹುಟ್ಟಿನಿಂದ ಬಂದ ನಿಯಮವಿದ್ದಂತೆ.

ಆದರೆ ಅವಳ ಮೊಬೈಲ್ ವಿದ್ಯೆಯೂ ಅಷ್ಟೇ ಅಡ್ಡ ಬಂತು. ಪಾಕೆಟ್‌ನಲ್ಲಿ ಡೆಕ್ಕಿಗೆ ಇಪ್ಪತ್ತು ಕಾರ್ಡ್, ಬೆಂಚಿನಲ್ಲಿ ಮೂರು ಸ್ಥಾನ, ಮೂರು ಅಂಕಕ್ಕೆ ಗೆಲುವು. ಎನರ್ಜಿ ಕಾರ್ಡ್ ಎಂಬುದೇ ಡೆಕ್ಕಿನಲ್ಲಿಲ್ಲ, ಸರದಿಗೊಂದರಂತೆ ಅದು ತಾನೇ ಉದ್ಭವಿಸುತ್ತದೆ. ವೀಕ್‌ನೆಸ್ (ಕೆಲವು ಬಗೆಯ ದಾಳಿಗೆ ಇರುವ ದೌರ್ಬಲ್ಯ) ಇದ್ದರೆ ಅಲ್ಲಿ ಪೆಟ್ಟಿಗೆ 20 ಸೇರುತ್ತದೆ; ಮುದ್ರಿತ ಆಟದಲ್ಲಿ ಅಂದೂ ಇಂದೂ ಪೆಟ್ಟು ಎರಡರಷ್ಟಾಗುತ್ತದೆ. 60ರ ಪೆಟ್ಟು ಅಲ್ಲಿ 80, ಇಲ್ಲಿ 120. ಈ ಒಂದು ವ್ಯತ್ಯಾಸದಿಂದ ಮಗಳು ಹಲವು ಸಲ ಸುರಕ್ಷಿತವೆಂದುಕೊಂಡ ಪೋಕೆಮಾನನ್ನು ಕಳೆದುಕೊಂಡಳು. ಕೆಲವು ಬಗೆಯ ದಾಳಿಯ ಪೆಟ್ಟನ್ನು ತಗ್ಗಿಸುವ ರೆಸಿಸ್ಟೆನ್ಸ್ ಅವಳಿಗೆ ಪೂರ್ತಿ ಹೊಸದು, ಏಕೆಂದರೆ ಮೊಬೈಲಿನಲ್ಲಿ ಅದಿಲ್ಲ. ಭಾವನಿಗೆ ಅದು ಸಲೀಸು: 30 ಕಳೆಯಬೇಕು. ನಡುವೆ ಹಲವು ವರ್ಷ ಅದು 20ಕ್ಕೆ ಇಳಿದು ಮತ್ತೆ 30ಕ್ಕೇ ಬಂದು ನಿಂತಿದೆ ಎಂಬ ಸಂಗತಿ ಅವರಿಗೆ ಗೊತ್ತೇ ಇರಲಿಲ್ಲ. ಎರಡು ಸಲ ಬದಲಾದ ನಿಯಮವನ್ನು ಅವರು ಬದಲಾಗದ ನಿಯಮವೆಂದೇ ತಿಳಿದು ಸರಿಯಾಗಿ ಆಡುತ್ತಿದ್ದರು.

ಮಗಳ ಅತಿ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಂತು. ಮೊಬೈಲಿನಲ್ಲಿ ಡೆಕ್ ಖಾಲಿಯಾದರೆ ಏನೂ ಆಗುವುದಿಲ್ಲ. ಮುದ್ರಿತ ಆಟದಲ್ಲಿ ಸರದಿಯ ಆರಂಭದಲ್ಲಿ ಎತ್ತಿಕೊಳ್ಳಲು ಕಾರ್ಡ್ ಇಲ್ಲದವರು ಸೋತಂತೆ. ಕೈತುಂಬ ಕಾರ್ಡ್ ಇರಬೇಕೆಂಬ ಆಸೆಯಲ್ಲಿ ಸಿಕ್ಕಿದ್ದನ್ನೆಲ್ಲ ಎತ್ತಿಕೊಳ್ಳುತ್ತ ಹೋದ ಅವಳು, ಮೇಜಿನ ಮೇಲೆ ಎಲ್ಲ ರೀತಿಯಲ್ಲೂ ಮುಂದಿದ್ದ ಪಂದ್ಯವನ್ನು ಹೀಗೆ ಸೋತಾಗ ನಿಯಮವನ್ನು ನಂಬಲು ಒಪ್ಪಲೇ ಇಲ್ಲ. ನನ್ನ ಕುರ್ಚಿ ಹುಟ್ಟಿದ್ದು ಆ ಜಗಳದಿಂದ.

ಪುಸ್ತಕದ ಅಧಿಕಾರ

ತೀರ್ಪುಗಾರನಾಗಿ ನಾನು ಮಾಡಿದ ಕಟ್ಟಳೆ ಒಂದೇ. ತಕರಾರು ಬಂದಾಗ 'ಆಗ ಹೀಗಿತ್ತು' ಎಂಬುದೂ 'ಫೋನಲ್ಲಿ ಹೀಗಿದೆ' ಎಂಬುದೂ ಸಾಕ್ಷ್ಯವಲ್ಲ. ಕಾರ್ಡಿನ ಮೇಲಿನ ಬರಹವನ್ನು ಗಟ್ಟಿಯಾಗಿ ಓದಬೇಕು, ಅಲ್ಲಿಲ್ಲದಿದ್ದರೆ ಕಿರುಪುಸ್ತಕ ತೆಗೆಯಬೇಕು. ಕಾರ್ಡ್ ಪುಸ್ತಕಕ್ಕೆ ವಿರುದ್ಧವಾಗಿ ಹೇಳಿದರೆ ಕಾರ್ಡಿನ ಮಾತೇ ನಡೆಯುತ್ತದೆ. ಇದು ನನ್ನ ಕಟ್ಟಳೆಯಲ್ಲ, ಆಟದ ಮೂಲತತ್ತ್ವ.

ಇದರಿಂದ ಮನೆಯೊಳಗಿನ ಸಂಬಂಧದಲ್ಲಿ ಆದ ಬದಲಾವಣೆ ನಿಯಮದ ಬದಲಾವಣೆಗಿಂತ ದೊಡ್ಡದು ಎಂದು ನನ್ನ ಅಭಿಪ್ರಾಯ. ಮೊದಲು ತಂದೆ ಕಲಿಸುವವನು, ಮಗಳು ಪ್ರಶ್ನಿಸುವವಳು; ಪ್ರತಿ ತಿದ್ದುಪಡಿಯೂ ಒಂದು ಬಗೆಯ ಎದುರುತ್ತರದಂತೆ ಕೇಳಿಸುತ್ತಿತ್ತು. ಗಟ್ಟಿಯಾಗಿ ಓದುವ ಕ್ರಮ ಬಂದ ಮೇಲೆ ಇಬ್ಬರೂ ಒಂದೇ ಬೆಂಚಿನ ವಿದ್ಯಾರ್ಥಿಗಳಾದರು. ಮಗಳ ಇಂಗ್ಲಿಷ್ ಓದು ತಡವರಿಸುತ್ತಿದ್ದ ಕಡೆ ಭಾವ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. 'ಮೇ' ಎಂದಿದ್ದರೆ ಮಾಡಬಹುದು, ಇಲ್ಲದಿದ್ದರೆ ಮಾಡಲೇಬೇಕು. 'ಅಪ್ ಟು ತ್ರೀ' ಎಂದರೆ ಒಂದಾದರೂ ಸಾಕು, ಸೊನ್ನೆಯಾದರೂ ಸರಿ. ಮೇಷ್ಟ್ರಾಗಿ ಹೇಳುತ್ತೇನೆ, ಹತ್ತನೆಯ ತರಗತಿಯ ಗಣಿತದ ಪ್ರಶ್ನೆಯನ್ನು ಇಷ್ಟು ಎಚ್ಚರದಿಂದ ಓದುವ ವಿದ್ಯಾರ್ಥಿಗಳು ನನಗೆ ಕಡಿಮೆ ಸಿಕ್ಕಿದ್ದಾರೆ.

ಇನ್ನೊಂದು ಕ್ರಮವನ್ನು ಭಾವನೇ ತಂದರು. ಮಗುವನ್ನು ಗೆಲ್ಲಿಸಲು ಬೇಕೆಂದೇ ಸೋಲುವುದು ಅವರಿಗೆ ಒಗ್ಗಲಿಲ್ಲ, ಮಗಳಿಗೂ ಅದು ಕೂಡಲೇ ಗೊತ್ತಾಗುತ್ತಿತ್ತು. ಅದರ ಬದಲು ಪ್ರತಿ ಪಂದ್ಯದ ನಂತರ ಡೆಕ್‌ಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ಆಡುವುದು ರೂಢಿಯಾಯಿತು. ಸೋತದ್ದು ಡೆಕ್ಕಿನಿಂದಲೋ ಕೈಯಿಂದಲೋ ಎಂಬ ವಾದ ಇದರಿಂದ ತಾನಾಗಿ ನಿಂತಿತು, ಎದುರಾಳಿಯ ಡೆಕ್ಕಿನಲ್ಲಿ ಏನೇನಿದೆ ಎಂಬ ಜ್ಞಾನವೂ ಇಬ್ಬರಿಗೂ ಸಮನಾಗಿ ಬಂತು.

ಒಂದು ಪಂದ್ಯ

ಸಿದ್ಧ ಡೆಕ್‌ಗಳು ಹಳತಾದ ಮೇಲೆ ಕೆಲವು ಕಾರ್ಡ್‌ಗಳನ್ನು ಬಿಡಿಯಾಗಿ ಕೊಂಡರು. ಮಗಳ ಆಯ್ಕೆ 2023ರ ಆಗಸ್ಟಿನ ಆಬ್ಸಿಡಿಯನ್ ಫ್ಲೇಮ್ಸ್ ಸೆಟ್‌ನ ಚಾರಿಝಾರ್ಡ್ ಇಎಕ್ಸ್, ಭಾವನದು ಅದೇ ಸೆಟ್‌ನ ಪಿಜಿಯಟ್ ಇಎಕ್ಸ್. ಈ ಎರಡು ಕಾರ್ಡ್‌ಗಳನ್ನು ಹಳೆಯವುಗಳ ಪಕ್ಕದಲ್ಲಿಟ್ಟು ನೋಡಿದರೆ ಕಾಲು ಶತಮಾನದಲ್ಲಿ ಆಟ ಎಲ್ಲಿಂದ ಎಲ್ಲಿಗೆ ಬಂದಿದೆ ಎಂಬುದು ತಿಳಿಯುತ್ತದೆ. ಬೇಸ್ ಸೆಟ್‌ನ ಚಾರಿಝಾರ್ಡಿಗೆ 120 ಎಚ್‌ಪಿ. ನಾಲ್ಕು ಎನರ್ಜಿ ಬೇಡುವ ಅದರ 100ರ ದಾಳಿ ಆಗ ಆಟದ ತುತ್ತತುದಿ. ಒಮ್ಮೆ ದಾಳಿ ಮಾಡಲು ಎರಡು ಎನರ್ಜಿ ಬಿಸಾಡಬೇಕಿತ್ತು. ಈಗಿನ ಚಾರಿಝಾರ್ಡಿಗೆ 330 ಎಚ್‌ಪಿ. ಅದು ವಿಕಾಸ ಹೊಂದಿ ಕೆಳಗಿಳಿದ ಕ್ಷಣವೇ ಡೆಕ್ಕಿನಿಂದ ಮೂರರವರೆಗೆ ಬೆಂಕಿ ಎನರ್ಜಿ ಹುಡುಕಿ ಬೇಕಾದವರಿಗೆ ಹಚ್ಚಬಹುದು. ದಾಳಿಗೆ ಎರಡೇ ಎನರ್ಜಿ, ಪೆಟ್ಟು 180, ಜೊತೆಗೆ ಎದುರಾಳಿ ಅಷ್ಟರೊಳಗೆ ತೆಗೆದುಕೊಂಡ ಪ್ರತಿ ಪ್ರೈಜ್ ಕಾರ್ಡಿಗೂ 30. ಪಿಜಿಯಟ್ ಇನ್ನೊಂದು ಬಗೆಯ ಅಚ್ಚರಿ: ಪ್ರತಿ ಸರದಿಯಲ್ಲಿ ಒಮ್ಮೆ ಡೆಕ್ಕಿನಿಂದ ಯಾವುದಾದರೂ ಒಂದು ಕಾರ್ಡನ್ನು ಹುಡುಕಿ ಕೈಗೆ ತೆಗೆದುಕೊಳ್ಳಬಹುದು. 1999ರಲ್ಲಿ ಇದೇ ಕೆಲಸಕ್ಕೆ ಕಂಪ್ಯೂಟರ್ ಸರ್ಚ್ ಎಂಬ ಕಾರ್ಡ್ ಖರ್ಚು ಮಾಡಿ, ಮೇಲೆ ಇನ್ನೆರಡು ಕಾರ್ಡ್ ಬಿಸಾಡಬೇಕಿತ್ತು. ಇಷ್ಟು ಪುಕ್ಕಟೆಯಾಗಿ ಸಿಗುವುದನ್ನು ಓದಿ ಭಾವ ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿದರು.

ನಾನು ಹೇಳಬೇಕೆಂದಿರುವ ಪಂದ್ಯದಲ್ಲಿ ಭಾವ ಮೂರು ಪ್ರೈಜ್ ತೆಗೆದಾಗಿತ್ತು. ಮಗಳಿಗೆ ಇನ್ನೆರಡು ಉಳಿದಿದ್ದವು. ಭಾವನ ಮುಂದೆ 280 ಎಚ್‌ಪಿಯ ಪಿಜಿಯಟ್, ಒಂದು ಪೆಟ್ಟೂ ತಿಂದಿಲ್ಲ. ಮಗಳ ಮುಂದೆ 70 ಎಚ್‌ಪಿಯ ಪುಟ್ಟ ಚಾರ್ಮ್ಯಾಂಡರ್. ಬೆಂಚಿನಲ್ಲಿ ಎರಡು ಎನರ್ಜಿ ಹಚ್ಚಿಕೊಂಡು ಸಿದ್ಧವಾಗಿದ್ದ ಚಾರಿಝಾರ್ಡ್ ಇಎಕ್ಸ್. ಪಿಜಿಯಟ್ ಒಂದು ದಾಳಿಗೆ 120 ಕೊಡುತ್ತದೆ. ಭಾವ ಹಿಂದೆಮುಂದೆ ನೋಡದೆ ಚಾರ್ಮ್ಯಾಂಡರನ್ನು ಹೊಡೆದು ನಾಲ್ಕನೆಯ ಪ್ರೈಜ್ ಎತ್ತಿಕೊಂಡರು.

ಮಗಳು ಬೆರಳು ಮಡಚಿ ಎಣಿಸಿದಳು. "ಮೂರಿದ್ದಾಗ ಇನ್ನೂರ ಎಪ್ಪತ್ತು. ಹತ್ತು ಕಮ್ಮಿ ಬೀಳ್ತಿತ್ತು. ನೀನು ಇನ್ನೊಂದು ತಗೊಂಡ್ಯಲ್ಲಪ್ಪಾ, ಈಗ ಮುನ್ನೂರು!" ಎಂದು ಚಾರಿಝಾರ್ಡನ್ನು ಮುಂದಕ್ಕೆ ತಂದಳು. 280ರ ಪಿಜಿಯಟ್ ಬಿತ್ತು. ಅದು ಇಎಕ್ಸ್ ಆದ್ದರಿಂದ ಎರಡು ಪ್ರೈಜ್ ಸಿಕ್ಕಿ ಪಂದ್ಯ ಮುಗಿಯಿತು.

ನನಗೆ ಈ ಪಂದ್ಯ ಇಡೀ ಪ್ರಕರಣದ ತಿರುಳು. ಭಾವ ಯಾವ ನಿಯಮವನ್ನೂ ಮುರಿದಿರಲಿಲ್ಲ, ಮರೆತಿರಲೂ ಇಲ್ಲ. ಮಗಳ ಕಾರ್ಡಿನ ಬರಹವನ್ನು ಅವರೇ ಹಲವು ಸಲ ಗಟ್ಟಿಯಾಗಿ ಓದಿದ್ದರು. ಆದರೆ ಅವರು ಬಾಲ್ಯದಲ್ಲಿ ಆಡಿದ ಆಟದಲ್ಲಿ ಪ್ರೈಜ್ ತೆಗೆದುಕೊಳ್ಳುವುದು ಯಾವಾಗಲೂ ಲಾಭವೇ; ಸಿಕ್ಕ ಪ್ರೈಜನ್ನು ಬೇಡವೆಂದು ಬಿಡುವ ಯೋಚನೆ ಆಗ ಯಾರಿಗೂ ಬರಬೇಕಾದ ಅಗತ್ಯವಿರಲಿಲ್ಲ. ಇಂದಿನ ಕೆಲವು ಕಾರ್ಡ್‌ಗಳು ಹಿಂದೆ ಬಿದ್ದವರಿಗೆ ಬಲ ಕೊಡುವಂತೆ ರಚಿತವಾಗಿವೆ. ಇಬ್ಬರೂ ಕೈಯ ಕಾರ್ಡ್‌ಗಳನ್ನು ಡೆಕ್ಕಿನ ತಳಕ್ಕೆ ಹಾಕಿ, ತಮಗೆ ಉಳಿದಿರುವ ಪ್ರೈಜ್ ಎಷ್ಟೋ ಅಷ್ಟೇ ಕಾರ್ಡ್ ಎತ್ತಿಕೊಳ್ಳುವಂತೆ ಮಾಡುವ ಐಯೋನೋ ಎಂಬ ಸಪೋರ್ಟರ್ ಕೂಡ ಅದೇ ಜಾತಿಯದ್ದು. ಗೆಲುವಿಗೆ ಹತ್ತಿರವಾದವನ ಕೈ ಅದರಿಂದ ಬರಿದಾಗುತ್ತದೆ. ನಿಯಮ ಪುಸ್ತಕದಿಂದ ಬರುತ್ತದೆ, ಈ ತರದ ಅಂದಾಜು ಬರುವುದಿಲ್ಲ. ಮಗಳಿಗೆ ಅಳಿಸಿಹಾಕಬೇಕಾದ ಹಳೆಯ ಅಂದಾಜು ಇರಲಿಲ್ಲ ಎಂಬುದಷ್ಟೇ ಅವಳ ಅನುಕೂಲ. ಅಂದು ಭಾವ ಅದೇ ಸ್ಥಿತಿಯನ್ನು ಮೇಜಿನ ಮೇಲೆ ಮತ್ತೆ ಜೋಡಿಸಿ, ಚಾರ್ಮ್ಯಾಂಡರನ್ನು ಹೊಡೆಯದೆ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಅವಳ ಜೊತೆ ಕೂತು ನೋಡಿದರು. ಪಿಜಿಯಟ್ 10 ಎಚ್‌ಪಿಯೊಂದಿಗೆ ಬದುಕುತ್ತಿತ್ತು, ಆದರೆ ಆಮೇಲೆ ಭಾವ ಗೆಲ್ಲುತ್ತಿದ್ದರೆಂದು ಹೇಳಲು ಬರುವಂತಿರಲಿಲ್ಲ.

ಡೆಕ್ ಕಟ್ಟುವಲ್ಲಿ

ಹಳೆಯ ಅನುಭವ ನಿಜಕ್ಕೂ ನೆರವಾದದ್ದು ಡೆಕ್ ಕಟ್ಟುವಾಗ, ಅದೂ ಅರ್ಧದಷ್ಟು. 1999ರ ಸಿದ್ಧ ಡೆಕ್‌ಗಳಲ್ಲಿ ಅರವತ್ತರಲ್ಲಿ 28 ಎನರ್ಜಿ ಕಾರ್ಡ್ ಇರುತ್ತಿದ್ದವು. ಆ ಅಳತೆಯಲ್ಲೇ ಭಾವ ಶುರುಮಾಡಿದರು. ಮಗಳೋ ಎನರ್ಜಿ ತಾನಾಗಿ ಬರುವ ಲೋಕದವಳಾದ್ದರಿಂದ ನಾಲ್ಕು ಹಾಕಿದರೆ ಹೆಚ್ಚಾಯಿತು ಎಂದಳು. ಇಂದಿನ ಚಾರಿಝಾರ್ಡ್ ಡೆಕ್‌ಗಳು ಹತ್ತಕ್ಕಿಂತ ಕಡಿಮೆ ಎನರ್ಜಿಯಲ್ಲಿ ನಡೆಯುತ್ತವೆ, ಏಕೆಂದರೆ ಹುಡುಕಿ ತರುವ ಕಾರ್ಡ್‌ಗಳು ಅಷ್ಟಿವೆ. ಇಲ್ಲಿ ಮಗಳ ಅಂದಾಜೇ ಸತ್ಯಕ್ಕೆ ಹತ್ತಿರವಿತ್ತು ಎಂಬುದನ್ನು ದಾಖಲಿಸಲೇಬೇಕು.

ಪ್ರೈಜ್ ಕಾರ್ಡಿನ ವಿಷಯದಲ್ಲಿ ಮಾತ್ರ ಭಾವನದೇ ಮೇಲುಗೈ. ಆರು ಕಾರ್ಡ್‌ಗಳು ಆಟದ ಆರಂಭದಲ್ಲೇ ಮುಚ್ಚಿಹೋಗುವುದರಿಂದ, ಡೆಕ್ಕಿನಲ್ಲಿ ಒಂದೇ ಪ್ರತಿ ಇರುವ ಕಾರ್ಡ್ ಅಲ್ಲಿ ಸಿಕ್ಕಿಬೀಳುವ ಸಾಧ್ಯತೆ ಅರವತ್ತಕ್ಕೆ ಆರು, ಅಂದರೆ ಹತ್ತರಲ್ಲೊಂದು. ಆದ್ದರಿಂದ ಮೊದಲ ಸಲ ಡೆಕ್ಕಿನೊಳಗೆ ಹುಡುಕುವ ಅವಕಾಶ ಸಿಕ್ಕಾಗಲೇ ಯಾವುದು ಕಾಣುತ್ತಿಲ್ಲ ಎಂದು ಎಣಿಸಿಟ್ಟುಕೊಳ್ಳಬೇಕು. ಎಡಿಸನ್‌ನ ಹುಡುಗರು ಕಲಿಸಿದ್ದ ಈ ಅಭ್ಯಾಸ ಭಾವನ ಬೆರಳುಗಳಲ್ಲಿ ಹಾಗೆಯೇ ಉಳಿದಿತ್ತು, ಮಗಳಿಗೂ ಅಂಟಿತು.

ನನ್ನ ಪಾಲಿಗೆ ಬಂದ ಲೆಕ್ಕ ಮೊದಲ ಏಳು ಕಾರ್ಡ್‌ಗಳದ್ದು. ಕೈಯಲ್ಲಿ ಒಂದಾದರೂ ಬೇಸಿಕ್ ಪೋಕೆಮಾನ್ (ವಿಕಾಸದ ಹಂಗಿಲ್ಲದೆ ನೇರವಾಗಿ ಇಳಿಸಬಹುದಾದದ್ದು) ಇಲ್ಲದಿದ್ದರೆ ಕಾರ್ಡ್‌ಗಳನ್ನು ತೋರಿಸಿ, ಮತ್ತೆ ಕಲಸಿ ಏಳು ಎತ್ತಬೇಕು, ಎದುರಾಳಿಗೆ ಒಂದು ಹೆಚ್ಚು ಕಾರ್ಡ್ ಸಿಗುತ್ತದೆ. ಮಗಳ ಮೊದಲ ಡೆಕ್ಕಿನಲ್ಲಿ ಎಂಟು ಬೇಸಿಕ್‌ಗಳಿದ್ದವು. ಆ ಲೆಕ್ಕದಲ್ಲಿ ಖಾಲಿ ಕೈ ಬರುವ ಸಾಧ್ಯತೆ ಸುಮಾರು ಶೇ 35. ಹನ್ನೆರಡಕ್ಕೆ ಏರಿಸಿದರೆ ಅದು ಶೇ 19ಕ್ಕೆ ಇಳಿಯುತ್ತದೆ. ಭಿನ್ನರಾಶಿಗಳನ್ನು ಒಂದರ ಪಕ್ಕ ಒಂದು ಬರೆದು ಗುಣಿಸಿ ತೋರಿಸಿದಾಗ ಅವಳು ಗುಣಾಕಾರ ನೋಡಲಿಲ್ಲ, ಉತ್ತರ ನೋಡಿದಳು; ಮರುದಿನ ನಾಲ್ಕು ದೊಡ್ಡ ಕಾರ್ಡ್ ತೆಗೆದು ನಾಲ್ಕು ಚಿಕ್ಕವನ್ನು ಸೇರಿಸಿದಳು.

ಹಳೆಯ ಕಾರ್ಡ್‌ಗಳ ಗತಿ

ಸೂಟ್‌ಕೇಸಿನ ಕಾರ್ಡ್‌ಗಳನ್ನು ಏನು ಮಾಡಬೇಕು ಎಂಬುದು ಬಂಧುಬಳಗದಲ್ಲೆಲ್ಲ ಚರ್ಚೆಯಾಯಿತು. 2022ರ ಮಾರ್ಚಿನಲ್ಲಿ ಮೊದಲ ಮುದ್ರಣದ ಬೇಸ್ ಸೆಟ್ ಚಾರಿಝಾರ್ಡೊಂದು ಹರಾಜಿನಲ್ಲಿ 4,20,000 ಡಾಲರಿಗೆ ಹೋದ ಸುದ್ದಿಯನ್ನು ಯಾರೋ ಎಲ್ಲಿಯೋ ಓದಿದ್ದರು. ಆ ಬೆಲೆ ಬಂದದ್ದು ಮೊದಲ ಮುದ್ರಣದ ಮುದ್ರೆಯಿದ್ದ, ಪರೀಕ್ಷಕ ಸಂಸ್ಥೆಯಿಂದ ಹತ್ತಕ್ಕೆ ಹತ್ತು ದರ್ಜೆ ಪಡೆದ ಕಾರ್ಡಿಗೆ. ಭಾವನದು ಆ ಮುದ್ರೆಯಿಲ್ಲದ, ಹೇರಳವಾಗಿ ಅಚ್ಚಾದ ನಂತರದ ಮುದ್ರಣ. ಅಂಚುಗಳೆಲ್ಲ ಬೆಳ್ಳಗಾಗಿವೆ, ಒಂದು ಮೂಲೆಯಲ್ಲಿ ಮಡಿಕೆಯಿದೆ. ಊಟದ ವಿರಾಮದಲ್ಲಿ ಸಿಮೆಂಟಿನ ನೆಲದ ಮೇಲೆ ಆಡಿದ ಕಾರ್ಡ್ ಇನ್ನು ಹೇಗಿರಬೇಕು. ಬೆಲೆಯ ಮಾತು ಬಿದ್ದುಹೋದ ಮೇಲೆಯೇ ಅವುಗಳ ನಿಜವಾದ ಉಪಯೋಗ ತೀರ್ಮಾನವಾದದ್ದು: ಪ್ಲಾಸ್ಟಿಕ್ ಸ್ಲೀವ್ ಹಾಕಿ ಆಡುವುದು.

ಹಳೆಯ ಕಾರ್ಡ್‌ಗಳನ್ನು ಹೊಸ ಡೆಕ್ಕಿಗೆ ಬೆರೆಸುವ ಪ್ರಯತ್ನ ಒಂದು ಸಂಜೆಗೇ ಮುಗಿಯಿತು. 70 ಎಚ್‌ಪಿಯ ಹಿಟ್‌ಮಾನ್‌ಚಾನ್, ಒಂದು ಎನರ್ಜಿಗೆ 20 ಕೊಡುವ ಅದರ ಪೆಟ್ಟು, ಒಂದು ಕಾಲದಲ್ಲಿ ಪಂದ್ಯಾವಳಿಗಳನ್ನೇ ಆಳಿದ್ದವು. 330ರ ಎದುರು ಅವು ಹೊಡೆದೂ ಹೊಡೆಯದಂತೆ. ಆದ್ದರಿಂದ ಹಳೆಯ ಕಾರ್ಡ್‌ಗಳಿಗೆ ಹಳೆಯ ನಿಯಮ, ಹೊಸವಕ್ಕೆ ಹೊಸದು ಎಂದು ಎರಡು ಬೇರೆ ಡಬ್ಬಿಗಳಾದವು. ಹಳೆಯ ಡಬ್ಬಿ ತೆಗೆದ ದಿನ ಭಾವ ಓಕ್ ಮೇಲೆ ಓಕ್ ಆಡಬಹುದು, ಮೊದಲ ಸರದಿಯಲ್ಲೇ ಹೊಡೆಯಬಹುದು. ಆಗ ತಬ್ಬಿಬ್ಬಾಗುವ ಸರದಿ ಮಗಳದ್ದು. ಎರಡೂ ಡಬ್ಬಿಗಳಲ್ಲಿ ಓಡಾಡುವ ಕಾರ್ಡ್ ಒಂದೇ: ಬೇಸಿಕ್ ಎನರ್ಜಿ. ಇಂಗ್ಲಿಷ್ ಕಾರ್ಡ್‌ಗಳ ಹಿಂಬದಿಯ ಚಿತ್ರ 1999ರಿಂದ ಬದಲಾಗಿಲ್ಲವಾದ್ದರಿಂದ, ಭಾವನ ಹಳೆಯ ಬೆಂಕಿ ಎನರ್ಜಿಗಳು ಮಗಳ ಹೊಸ ಚಾರಿಝಾರ್ಡಿಗೆ ಯಾವ ಆಕ್ಷೇಪಣೆಯೂ ಇಲ್ಲದೆ ಉರಿಯುತ್ತಿವೆ.

ಈಗಿನ ಸ್ಥಿತಿ

ರಜೆ ಮುಗಿದು ಶಾಲೆ ಶುರುವಾದ ಮೇಲೆ ಆಟ ಭಾನುವಾರಕ್ಕೆ ಸೀಮಿತವಾಗಿದೆ. ಒಂದು ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಇಂದಿನ ಕಾರ್ಡ್‌ಗಳ ಕೆಳಗಿನ ಎಡ ಮೂಲೆಯಲ್ಲಿ ಒಂದು ಇಂಗ್ಲಿಷ್ ಅಕ್ಷರವಿರುತ್ತದೆ. ಅಧಿಕೃತ ಸ್ಟ್ಯಾಂಡರ್ಡ್ ಪಂದ್ಯಗಳಲ್ಲಿ ಹಳೆಯ ಅಕ್ಷರಗಳು ಕಾಲಕಾಲಕ್ಕೆ ಹೊರಬೀಳುತ್ತವೆ. 2025ರ ಏಪ್ರಿಲ್‌ನಲ್ಲಿ ಎಫ್ ಹೋಯಿತು. 2025ರಲ್ಲಿ ಇದನ್ನು ಬರೆಯುವಾಗ ಸಾಲಿನಲ್ಲಿ ಮುಂದಿದ್ದದ್ದು ಜಿ. ಮಗಳ ಚಾರಿಝಾರ್ಡ್, ಭಾವನ ಪಿಜಿಯಟ್, ಐಯೋನೋ, ಎಲ್ಲದರ ಮೇಲೂ ಇರುವುದು ಅದೇ ಜಿ. ಮನೆಯ ಆಟಕ್ಕೆ ಈ ಗಡುವು ಅನ್ವಯಿಸುವುದಿಲ್ಲ, ಇದ್ದ ಕಾರ್ಡ್‌ಗಳಲ್ಲೇ ಆಡಿಕೊಂಡಿರಬಹುದು ಎಂಬುದು ಭಾವನ ವಾದ. ಅದರಲ್ಲಿ ಖರ್ಚಿನ ಯೋಚನೆಯೂ ಇದೆ. ಮಗಳಿಗೆ ಕಾರ್ಡ್ ಅಂಗಡಿಯ ಪಂದ್ಯಗಳಿಗೆ ಹೋಗುವ ಆಸೆ ಹುಟ್ಟಿದೆ, ಅಲ್ಲಿ ಜಿ ಬಿದ್ದರೆ ಡೆಕ್ಕೇ ಬಿದ್ದಂತೆ. ತೀರ್ಪು ಕೊಡು ಎಂದು ಇಬ್ಬರೂ ನನ್ನನ್ನು ಕೇಳಿದರು. ಕಾರ್ಡಿನ ಮೇಲೂ ಕಿರುಪುಸ್ತಕದಲ್ಲೂ ಇದಕ್ಕೆ ಉತ್ತರವಿಲ್ಲದ್ದರಿಂದ ಪ್ರಕರಣವನ್ನು ಅಕ್ಕನಿಗೆ ವರ್ಗಾಯಿಸಿದ್ದೇನೆ. ಜಿ ಹೋಗುವ ತನಕ ಹೊಸ ಕಾರ್ಡ್ ಕೊಳ್ಳುವಂತಿಲ್ಲ ಎಂಬ ಮಧ್ಯಂತರ ಆದೇಶ ಹೊರಬಿದ್ದಿದೆ.